ನಡುದಾರಿಯ ಊರನ್ನು ಆರಿಸುವವರು ಯಾರು?

ನಮ್ಮ ಸಂಘದ ಸಭೆಗಳಲ್ಲಿ ಭಾಷಣ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಾದಾಗ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕೆ ಅರ್ಧ ಈಗ ಪರದೇಶದ್ದೇ. ಒಬ್ಬರ ಮಗಳು ಮೆಲ್ಬರ್ನಿನಲ್ಲಿ, ಇನ್ನೊಬ್ಬರ ಮಗ ನ್ಯೂಜೆರ್ಸಿಯಲ್ಲಿ. ಹೋಗಿ ಬಂದವರು ಚಳಿಯ ಕಥೆ ಹೇಳುತ್ತಾರೆ. ಹೊರಟವರು ಉಪ್ಪಿನಕಾಯಿಯನ್ನು ಎಷ್ಟು ಕಿಲೋ ಒಯ್ಯಬಹುದೆಂದು ವಿಚಾರಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಈಚೆಗೆ ಅಂಥದೊಂದು ಗುಂಪಿನಲ್ಲಿ, ಅರುವತ್ತು ದಾಟಿದ ನಮ್ಮ ಸದಸ್ಯೆಯೊಬ್ಬರು ಮೆಲ್ಲನೆ ಒಂದು ಪ್ರಶ್ನೆ ಕೇಳಿದರು. "ಈ ಸಲ ಮೆಲ್ಬರ್ನಿನಿಂದ ಬರುವಾಗ ದಾರಿಯಲ್ಲಿ ಎಲ್ಲಾದರೂ ಎರಡು ದಿನ ಇಳಿದು, ಒಬ್ಬಳೇ ಊರು ನೋಡಿಕೊಂಡು ಬರೋಣ ಅಂತಿದ್ದೇನೆ. ಯಾವ ಊರು ಒಳ್ಳೆಯದು?" ಕೇಳಿದ್ದು ಊರಿನ ಹೆಸರು. ಬಂದ ಉತ್ತರಗಳೇ ಬೇರೆ. "ಒಬ್ಬರೇ ಯಾಕ್ರೀ?" "ಮಗನ್ನ ಕೇಳಿದ್ರಾ?" "ಟೂರ್ ಕಂಪೆನಿಯವರ ಜೊತೆ ಹೋದ್ರೆ ಅವರೇ ಎಲ್ಲ ನೋಡ್ಕೋತಾರಲ್ಲ?" ಹಿರಿಯರೊಬ್ಬರು ಮಾತ್ರ ಊರಿನ ಹೆಸರನ್ನೇ ಹೇಳಿದರು: "ದುಬೈ. ಚಿನ್ನ ಅಗ್ಗ." ಮೆಲ್ಬರ್ನಿನಿಂದ ಮುಂಬಯಿಗೆ ಬರುವವರು ದುಬೈಯಲ್ಲಿ ಇಳಿಯಬೇಕಾದರೆ ಮುಂಬಯಿಯನ್ನು ದಾಟಿ ಹೋಗಿ ಹಿಂದಿರುಗಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಆಕೆ ಕಾಫಿ ಲೋಟ ಕೆಳಗಿಟ್ಟು, "ಸುಮ್ಮನೆ ಕೇಳಿದೆ" ಎಂದು ಮಾತು ಮುಗಿಸಿದರು.

ಆ "ಸುಮ್ಮನೆ ಕೇಳಿದೆ" ಎಂಬ ಮಾತಿಗಾಗಿ ಈ ಲೇಖನ ಬರೆಯುತ್ತಿದ್ದೇನೆ. ಓದುಗರಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ನಾವು ಯಾರ ಮಕ್ಕಳು ಎಂಬುದನ್ನು ಮೊದಲು ನೆನಪು ಮಾಡಿಕೊಳ್ಳೋಣ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗುವವರೆಗೆ ನಮ್ಮ ಕರಾವಳಿಯ ಗುಂಟ ಮುಂಬಯಿಗೆ ರೈಲೇ ಇರಲಿಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲು ಹಡಗು ಹತ್ತಿ, ಘಟ್ಟ ಸುತ್ತುವ ಬಸ್ಸು ಹಿಡಿದು, ಹನ್ನೆರಡು ಹದಿನಾಲ್ಕು ವರ್ಷದ ಹುಡುಗರು ಈ ಊರಿಗೆ ಒಬ್ಬೊಬ್ಬರೇ ಬಂದಿಳಿದರು. ಮರಾಠಿ ಬಾರದು, ಹಿಂದಿ ಬಾರದು, ಕಿಸೆಯಲ್ಲಿ ಒಂದು ವಿಳಾಸದ ಚೀಟಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತರು. ಅವರ ಸಾಹಸವನ್ನು ನಾವು ಪ್ರತಿ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಕೊಂಡಾಡುತ್ತೇವೆ. ಅಂಥವರ ಮನೆಯಲ್ಲಿ ಬಾಳಿದ ಹೆಣ್ಣುಮಗಳು, ಮೂವತ್ತು ವರ್ಷ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಓಡಾಡಿದವಳು, ಇಂಗ್ಲಿಷ್ ಓದಬಲ್ಲವಳು, ಕೈಯಲ್ಲಿ ಫೋನು ಉಳ್ಳವಳು, ಎರಡು ದಿನ ಪರ ಊರಲ್ಲಿ ಒಬ್ಬಳೇ ಇರುತ್ತೇನೆಂದರೆ ನಮಗೆ ಎದೆ ಬಡಿದುಕೊಳ್ಳುತ್ತದೆ! ಇದು ಕಾಳಜಿಯಲ್ಲ; ಕಾಳಜಿಯ ಅಂಗಿ ತೊಟ್ಟ ಅಧಿಕಾರ.

ಅವಳ ಬಾಳನ್ನೇ ನೋಡಿ. ಹುಟ್ಟಿ ಬೆಳೆದ ಊರನ್ನು ಅಪ್ಪನ ಮನೆತನ ಗೊತ್ತುಮಾಡಿತು. ಬಾಳಿದ ಊರನ್ನು ಗಂಡನ ನೌಕರಿ ಗೊತ್ತುಮಾಡಿತು. ಮುಪ್ಪಿನಲ್ಲಿ ಹೋಗಿ ಬರುವ ಊರನ್ನು ಮಗನ ನೌಕರಿ ಗೊತ್ತುಮಾಡಿತು. ಅಲ್ಲಿಗೆ ಅವಳು ಹೋಗುವುದಾದರೂ ಯಾತಕ್ಕೆ? ಸೊಸೆಯ ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೆ. ಪ್ರೀತಿಯಿಂದಲೇ ಹೋಗುತ್ತಾಳೆ, ನಿಜ. ಆದರೂ ಆರು ತಿಂಗಳ ಆ ದುಡಿಮೆಗೆ ರಜೆಯಿಲ್ಲ, ಸಂಬಳವಿಲ್ಲ. ಇಷ್ಟೆಲ್ಲದರ ನಡುವೆ, ತಾನೇ ಆರಿಸಬಹುದಾದ ಊರೆಂದು ಅವಳ ಪಾಲಿಗೆ ಉಳಿದಿರುವುದು ಒಂದೇ, ಆ ನಡುದಾರಿಯ ಊರು. ಅದನ್ನೂ ಮಗ ಅಗ್ಗದ ಟಿಕೆಟ್ಟು ನೋಡಿ ಆರಿಸಿಬಿಡುತ್ತಾನೆ. ಅವಳು ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಒಂಬತ್ತು ಗಂಟೆ ಕೈಚೀಲವನ್ನು ಅಪ್ಪಿಕೊಂಡು ಕೂತು, ಗಾಜಿನಾಚೆ ಒಂದು ದೇಶ ಇದೆಯೆಂಬುದನ್ನು ಮಾತ್ರ ತಿಳಿದು ಬರುತ್ತಾಳೆ. ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಹೋಗಿಬರುವ ಗಂಡಸರ ಪಾಡೂ ಹೆಚ್ಚುಕಡಿಮೆ ಇದೇ.

ಆದ್ದರಿಂದ ನನ್ನ ವಾದ ಇಷ್ಟೇ: ಒಬ್ಬರೇ ಇಳಿಯುವ ಊರನ್ನು ಇಳಿಯುವವರೇ ಆರಿಸಬೇಕು. ಮತ್ತು ಆರಿಸುವಾಗ ಊರಿನ ಹಿರಿಮೆಯನ್ನಲ್ಲ, ತನ್ನ ಕಾಲನ್ನೂ ತನ್ನ ಮನಸ್ಸನ್ನೂ ನೋಡಿ ಆರಿಸಬೇಕು.

"ಇಷ್ಟು ದೂರ ಹೋದಮೇಲೆ ಎಲ್ಲಾ ನೋಡಿಬಿಡಬೇಕು" ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಎರಡು ದಿನವೆಂದರೆ 48 ಗಂಟೆ. ಎರಡು ರಾತ್ರಿಯ ನಿದ್ದೆಗೆ 16 ಹೋಯಿತು. ಪಾಸ್‌ಪೋರ್ಟಿನ ಸಾಲು, ಸಾಮಾನು, ಹೋಟೆಲು ಸೇರುವುದು, ಇವಕ್ಕೆ 3. ಮರಳಿ ವಿಮಾನ ಹಿಡಿಯಲು 4. ಸ್ನಾನ, ಊಟ, ಮಧ್ಯಾಹ್ನ ಕಾಲು ಚಾಚುವುದಕ್ಕೆ 7. ಉಳಿದದ್ದು 18 ಗಂಟೆ. ಹದಿನೆಂಟು ಗಂಟೆಯಲ್ಲಿ ಯಾವ ಊರನ್ನೂ ಯಾರೂ "ನೋಡಿ ಮುಗಿಸಲು" ಆಗದು. ಎರಡು ಬೀದಿ, ಒಂದು ತೋಟ, ಒಂದು ನೀರಿನ ದಂಡೆ, ಇಷ್ಟನ್ನು ಚೆನ್ನಾಗಿ ನೋಡಬಹುದು. ಹತ್ತು ಜಾಗದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಟೂರ್ ಬಸ್ಸೇ ಸರಿ. ಅವರ ಮೇಲೆ ನನಗೆ ಮುನಿಸಿಲ್ಲ. ಆದರೆ ಅದನ್ನೇ ಎಲ್ಲರ ಮೇಲೂ ಹೇರಬೇಡಿ.

ಇನ್ನು ಆರಿಸುವ ಬಗೆ. ಮೊದಲನೆಯದು ವೀಸಾ. ನಮ್ಮ ಪಾಸ್‌ಪೋರ್ಟಿಗೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡಾಮುಗಳಲ್ಲಿ ನಿಲ್ದಾಣದಿಂದ ಹೊರಗೆ ಕಾಲಿಡಲು ಶೆಂಗೆನ್ ವೀಸಾ ಬೇಕು. ಆದರೆ ಮಕ್ಕಳನ್ನು ನೋಡಲೆಂದು ಪಡೆದ ವೀಸಾವೇ ಕೆಲವು ಕಡೆ ಬೀಗದ ಕೈಯಾಗುತ್ತದೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಆಸ್ಟ್ರೇಲಿಯ, ಅಮೆರಿಕ ಮೊದಲಾದ ಕೆಲವು ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಸಿಂಗಪುರವು ಕೆಲವು ಷರತ್ತುಗಳ ಮೇಲೆ 96 ಗಂಟೆಗಳವರೆಗೆ ಬೇರೆ ವೀಸಾ ಕೇಳದೆ ಒಳಗೆ ಬಿಡುತ್ತದೆ. ಅಮೆರಿಕದ ವೀಸಾ ಇದ್ದರೆ ದುಬೈಯಲ್ಲಿ ಇಳಿದ ಮೇಲೆ ವೀಸಾ ಪಡೆಯಲು ಅವಕಾಶವಿದೆ. ಇಸ್ತಾಂಬುಲಿಗೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಿ ತರಿಸಿಕೊಳ್ಳಬಹುದು. ಹಾಂಕಾಂಗಿಗೆ ಮುಂಚಿತವಾಗಿ ಹೆಸರು ನೋಂದಾಯಿಸಿಕೊಂಡರೆ 14 ದಿನಗಳವರೆಗೂ ಇರಬಹುದು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ಟು ಕೊಳ್ಳುವ ಮುನ್ನ ಆಯಾ ದೇಶದ ದೂತಾವಾಸ ಏನು ಹೇಳುತ್ತದೆಂದು ನೋಡಬೇಕು. ಪಕ್ಕದ ಮನೆಯವರು ಹೇಳುವುದನ್ನು ನಂಬಿ ಹೊರಡಬಾರದು.

ಎರಡನೆಯದು ನಿಲ್ದಾಣದಿಂದ ಊರಿಗಿರುವ ದೂರ. ಮೂರನೆಯದು ನಡೆದು ನೋಡುವ ಅನುಕೂಲ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನನಗೆ ಏನು ಇಷ್ಟ ಎಂಬ ಪ್ರಶ್ನೆ. ಈ ಪ್ರಶ್ನೆಯನ್ನು ನಮ್ಮ ಹೆಂಗಸರನ್ನು ಯಾರೂ ಕೇಳಿಲ್ಲವಾದ್ದರಿಂದ ಇದಕ್ಕೆ ಉತ್ತರಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಗಿಡಮರ ಇಷ್ಟವಿದ್ದು, ಮೊದಲ ಸಲ ಒಬ್ಬರೇ ಹೊರಟವರಿಗೆ ಸಿಂಗಪುರ ಎನ್ನುತ್ತೇನೆ. ನಿಲ್ದಾಣದ ಅಡಿಯಿಂದಲೇ ರೈಲು ಹೊರಡುತ್ತದೆ. ತಮಿಳು ಅಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಸೆರಂಗೂನ್ ರಸ್ತೆಯ ಲಿಟಲ್ ಇಂಡಿಯಾದಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನ ಇದೆ. 1947ರಿಂದ ನಡೆದುಬಂದ ಕೋಮಳ ವಿಲಾಸ್ ಎಂಬ ಶಾಕಾಹಾರಿ ಹೋಟೆಲಿದೆ. ಊಟದ ಚಿಂತೆ ಅಲ್ಲಿಗೆ ತೀರಿತು. ಅದೇ ರೈಲು ಮಾರ್ಗದಲ್ಲಿ ಮೂರನೆಯ ನಿಲ್ದಾಣವೇ ಬಟಾನಿಕ್ ಗಾರ್ಡನ್ಸ್. 1859ರಲ್ಲಿ ಶುರುವಾದ ಈ ಸಸ್ಯೋದ್ಯಾನವನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಬೆಳಿಗ್ಗೆ 5 ಗಂಟೆಗೆ ತೆರೆಯುತ್ತದೆ. ಆರ್ಕಿಡ್ ತೋಟವೊಂದನ್ನು ಬಿಟ್ಟರೆ ಎಲ್ಲಿಯೂ ಟಿಕೆಟ್ಟಿಲ್ಲ. ಬೆಳಗಿನ ಹೊತ್ತು ಅಲ್ಲಿ ಒಬ್ಬರೇ ಬೆಂಚಿನ ಮೇಲೆ ಕೂತ ಹಿರಿಯ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ. ಈ ಸುಖ ಏನೆಂಬುದು ನಮ್ಮ ಹೆಂಗಸರಿಗೆ ಗೊತ್ತು. ಗಂಡಸರಿಗೆ ವಿವರಿಸಿ ಹೇಳುವುದು ಕಷ್ಟ.

ನೀರು, ದೋಣಿ ಇಷ್ಟವಾದರೆ ಹಾಂಕಾಂಗ್. ನಿಲ್ದಾಣದ ರೈಲು 24 ನಿಮಿಷದಲ್ಲಿ ಊರಿನ ನಡುವೆ ತಂದು ಬಿಡುತ್ತದೆ. ಅಲ್ಲಿಯ ಬಂದರು ದಾಟಿಸುವ ಸ್ಟಾರ್ ಫೆರಿಗೆ 1888ರಲ್ಲಿ ಅಡಿಪಾಯ ಹಾಕಿದವರು ದೋರಾಬ್ಜಿ ನವರೋಜಿ, ನಮ್ಮ ಈ ಮುಂಬಯಿಯಿಂದಲೇ ಹೋಗಿ ನೆಲೆಸಿದ ಪಾರ್ಸಿ. ಆತ ಹಡಗು ಹತ್ತಿದಾಗ "ಒಬ್ಬರೇ ಯಾಕ್ರೀ" ಎನ್ನುವವರು ಬಳಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಇತಿಹಾಸದ ಹುಚ್ಚಿರುವವರು ಪಶ್ಚಿಮದ ದಾರಿಯಲ್ಲಿ ಇಸ್ತಾಂಬುಲನ್ನು ಬಿಡಬಾರದು. ನಿಲ್ದಾಣ ದೂರ, ಬೀದಿಗಳು ಏರಿಳಿತದವು; ಮೊಣಕಾಲು ನೋವಿದ್ದವರು ಯೋಚಿಸಬೇಕು. ಆದರೆ 537ರಲ್ಲಿ ಕ್ರೈಸ್ತ ದೇವಾಲಯವಾಗಿ ಮುಗಿದು, 1453ರಲ್ಲಿ ಮಸೀದಿಯಾಗಿ, ಆಮೇಲೆ ಇಪ್ಪತ್ತನೆಯ ಶತಮಾನದಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾದ ಹಾಗಿಯಾ ಸೋಫಿಯಾದ ಗುಮ್ಮಟದ ಕೆಳಗೆ ಅರ್ಧ ಗಂಟೆ ನಿಂತರೆ ಹತ್ತು ಪುಸ್ತಕ ಓದಿದ ಹಾಗೆ.

ದುಬೈಯನ್ನೂ ನಾನು ಹಳಿಯುವುದಿಲ್ಲ. ನಮ್ಮವರು ಅಲ್ಲಿ ಇಳಿದು ನೇರ ಮಾಲಿಗೆ ಹೋಗುತ್ತಾರೆ. ಮಾಲು ಮುಂಬಯಿಯಲ್ಲೂ ಇದೆ. ದೇರಾ ಮತ್ತು ಬರ್ ದುಬೈಗಳ ನಡುವಿನ ಕಾಲುವೆಯನ್ನು ಮರದ ಅಬ್ರಾ ದೋಣಿಯಲ್ಲಿ, ಒಂದೆರಡು ದಿರ್ಹಮ್ ಕೊಟ್ಟು ದಾಟಿದವರು ಎಷ್ಟು ಮಂದಿ? ಚಳಿಗಾಲದಲ್ಲಿ ಅದೊಂದು ಸೊಗಸು. ಜೂನ್ ಜುಲೈಯಲ್ಲಿ 40 ಡಿಗ್ರಿ ಮೀರುವ ಬಿಸಿಲಲ್ಲಿ ಮಾತ್ರ ಬೇಡ. ಹಾಗೆಯೇ, ಪಾಯಸಕ್ಕೆಂದು ಕಟ್ಟಿಕೊಂಡ ಗಸಗಸೆ ಚೀಲದಲ್ಲಿದ್ದರೆ ಮನೆಯಲ್ಲೇ ಬಿಟ್ಟು ಹೊರಡಿ. ಆ ದೇಶದಲ್ಲಿ ಅದಕ್ಕೆ ನಿಷೇಧವಿದೆ.

ಲಂಡನ್ನಿನ ಮಾತು ಬಂದರೆ ನಮ್ಮವರು ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯನ್ನು ಹೆಸರಿಸುತ್ತಾರೆ. 2015ರಲ್ಲಿ ಅದು ಅನಾವರಣವಾದದ್ದು ನಮಗೆಲ್ಲ ಹೆಮ್ಮೆ. ನೋಡಲೇಬೇಕೆಂಬ ಆಸೆಯಿದ್ದವರು ನೋಡಿ ಬರಲಿ. ಆದರೆ ಕೂಡಲಸಂಗಮಕ್ಕೆ ಒಮ್ಮೆಯೂ ಹೋಗದವರು, "ಲಂಡನ್ನಿನಲ್ಲಿ ಇಳಿದು ಬಸವಣ್ಣನನ್ನು ನೋಡದೆ ಬಂದೆಯಾ?" ಎಂದು ಇನ್ನೊಬ್ಬರನ್ನು ಗದರಿಸುವುದು ಬೇಡ.

ಈಗ ಭಯದ ಮಾತು. ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಜ್ವರ ಬರಬಹುದು, ಕಾಲು ಜಾರಬಹುದು, ಚೀಲ ಕಳೆಯಬಹುದು. ಅದಕ್ಕೆ ಉಪಾಯಗಳಿವೆ. ಹಗಲು ಹೊತ್ತಿನಲ್ಲಿ ಇಳಿಯುವ ವಿಮಾನವನ್ನೇ ಹಿಡಿಯಬೇಕು. ನಾಲ್ಕು ಕಾಸು ಹೆಚ್ಚಾದರೂ ರೈಲು ನಿಲ್ದಾಣದ ಹತ್ತಿರದ ಹೋಟೆಲಿನಲ್ಲೇ ಕೋಣೆ ಹಿಡಿಯಬೇಕು. ಅದರ ವಿಳಾಸವನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕು. ಫೋನಿನ ಬ್ಯಾಟರಿಯನ್ನು ನಂಬಲಾಗದು. ಮಾತ್ರೆಗಳು ಡಾಕ್ಟರ ಚೀಟಿಯೊಡನೆ ಕೈಚೀಲದಲ್ಲೇ ಇರಬೇಕು. ಪ್ರಯಾಣದ ವಿಮೆ ನಡುದಾರಿಯ ದೇಶಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿಯಬೇಕು. 24 ಗಂಟೆಗಿಂತ ಹೆಚ್ಚು ಇಳಿಯುವುದಾದರೆ ಟಿಕೆಟ್ಟಿನ ದರ ಬದಲಾಗಬಹುದು, ದೊಡ್ಡ ಪೆಟ್ಟಿಗೆಯನ್ನು ಅಲ್ಲೇ ಬಿಡಿಸಿಕೊಳ್ಳಬೇಕಾಗಬಹುದು. ಅದನ್ನೂ ಮೊದಲೇ ವಿಚಾರಿಸಬೇಕು. ಮಗ ಸೊಸೆಯರಿಗೆ ದಿನಕ್ಕೊಂದು ಸಲ, ಗೊತ್ತಾದ ಹೊತ್ತಿಗೆ ಫೋನು ಮಾಡಿದರೆ ಸಾಕು. ಅರ್ಧರ್ಧ ಗಂಟೆಗೆ "ಎಲ್ಲಿದ್ದೀ ಅಮ್ಮಾ?" ಎಂದು ಕೇಳಿಸಿಕೊಳ್ಳುತ್ತ ಊರು ನೋಡಲು ಆಗದು.

ಮಕ್ಕಳೇ, ನಿಮಗೂ ಒಂದು ಮಾತು. ಅಪ್ಪ ಅಮ್ಮನಿಗೆ ನೆರವಾಗುವ ಮನಸ್ಸಿದ್ದರೆ ವೀಸಾದ ಕಾಗದ ಹೊಂದಿಸಿ ಕೊಡಿ, ಫೋನಿನಲ್ಲಿ ನಕ್ಷೆ ನೋಡುವುದನ್ನು ಕಲಿಸಿ, ಹೋಟೆಲಿನ ದುಡ್ಡು ಕೊಡಿ. ಊರನ್ನು ಮಾತ್ರ ಅವರಿಗೇ ಬಿಡಿ.

"ಈ ವಯಸ್ಸಿನಲ್ಲಿ ಯಾತಕ್ಕೆ?" ಎನ್ನುವವರಿಗೆ ಕೊನೆಯದಾಗಿ ಒಂದು ನೆನಪು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕ ನೋಡಿದ್ದು ಎಪ್ಪತ್ತು ದಾಟಿದ ಮೇಲೆ. ಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಎಲ್ಲರೂ ಪುಸ್ತಕ ಬರೆಯಬೇಕಾಗಿಲ್ಲ. ಕಣ್ಣು ತೆರೆದಿಡಲು ವಯಸ್ಸಿನ ಅಡ್ಡಿಯಿಲ್ಲ ಎಂಬುದಕ್ಕೆ ಆ ಹೆಸರು ಸಾಕು.

ಆ ಸದಸ್ಯೆಯವರಿಗೆ ಇದು ನನ್ನ ಉತ್ತರ: ತಾವು ಮೊದಲು ಗಿಡವೋ, ನೀರೋ, ಹಳೆಯ ಕಟ್ಟಡವೋ ಎಂದು ತೀರ್ಮಾನ ಮಾಡಿಕೊಳ್ಳಿ. ಊರು ತಾನಾಗಿಯೇ ಗೊತ್ತಾಗುತ್ತದೆ. ಹೋಗಿ ಬಂದಮೇಲೆ ಸಂಘದಲ್ಲಿ ಕಾಫಿಯ ಹೊತ್ತಿಗೆ ಸಿಗೋಣ. ಆ ದಿನ ಪ್ರಶ್ನೆ ಕೇಳುವ ಸರದಿ ನಮ್ಮದು.