ಹೊರದೇಶಕ್ಕೆ ಕೊಡಲಿ, ಲೆಕ್ಕ ನಮಗೆ ಹೇಳಲಿ

"ಇಲ್ಲಿ ಬರ ಪರಿಹಾರಕ್ಕೇ ಕಾಸಿಲ್ಲ, ಭೂತಾನಕ್ಕೆ ಸಾವಿರಾರು ಕೋಟಿ ಯಾಕೆ? ಮನೆಗೆ ಮಾರಿ, ಊರಿಗೆ ಉಪಕಾರಿ!" ಈ ಮಾತು ಕೆಂಗೇರಿ ಕಡೆಯ ಟೀ ಅಂಗಡಿಯಲ್ಲೂ ಕೇಳ್ತೀವಿ, ರೈತರ ಸಭೆಯಲ್ಲೂ ಕೇಳ್ತೀವಿ. ಕೇಳುವ ಹಕ್ಕು ನಮಗಿದೆ. ರೈತ ತೆರಿಗೆ ಕಟ್ಟೋಲ್ಲ ಅಂತ ಪೇಟೆಯವರು ಹಂಗಿಸ್ತಾರೆ. ಡೀಸೆಲ್, ಗೊಬ್ಬರ, ಔಷಧಿ ಇವಕ್ಕೆಲ್ಲ ತೆರಿಗೆ ಕೊಡೋರು ಮತ್ಯಾರು? ಆದರೆ ಕೊಡಲೇಬಾರದು ಎಂಬ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ.

ಮೊದಲು ಲೆಕ್ಕ ನೋಡೋಣ. 2025-26ರ ಕೇಂದ್ರ ಬಜೆಟ್ಟು ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ವಿದೇಶಾಂಗ ಇಲಾಖೆ ಹೊರದೇಶಗಳ ನೆರವಿಗೆ ತೆಗೆದಿಟ್ಟದ್ದು 5,483 ಕೋಟಿ. ಅಂದರೆ ನೂರು ರೂಪಾಯಿಗೆ ಹನ್ನೊಂದು ಪೈಸೆ. ಇದರಲ್ಲಿ ಭೂತಾನದ ಪಾಲು 2,150 ಕೋಟಿ. ಅಲ್ಲಿ ನಮ್ಮ ನೆರವಿನಿಂದ ಕಟ್ಟಿದ ಜಲವಿದ್ಯುತ್ ಕೇಂದ್ರಗಳ ಕರೆಂಟು ನಮ್ಮ ದೇಶಕ್ಕೇ ಬರುತ್ತಿದೆ.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ 3,454 ಕೋಟಿ ಕೊಟ್ಟಿತು. ಅಷ್ಟು ತಡವಾಗಿದ್ದು ಭೂತಾನಕ್ಕೆ ಕೊಟ್ಟದ್ದರಿಂದಲ್ಲ, ದೆಹಲಿ-ಬೆಂಗಳೂರಿನ ಜಗ್ಗಾಟದಿಂದ. ಆ ಸಿಟ್ಟನ್ನು ಇನ್ಯಾವುದೋ ಬಡ ದೇಶದ ಮೇಲೆ ತೀರಿಸಿಕೊಳ್ಳಬಾರದು.

ನಾವು ಪಡೆದದ್ದನ್ನೂ ನೆನೆಯಬೇಕು. ನಮ್ಮ ರಾಗಿಯ ತವರು ಆಫ್ರಿಕಾ. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಸಂಕರ ಮಾಡಿ ತಳಿ ತೆಗೆದರು. ಇಂಡಿಯಾ, ಆಫ್ರಿಕಾ ಸೇರಿ 'ಇಂಡಾಫ್' ಆಯಿತು. ಖುಷ್ಕಿ ರೈತನ ಕಣಜ ತುಂಬಿತು. ಆ ಬೀಜಕ್ಕೆ ಆಫ್ರಿಕಾದ ರೈತ ನಮ್ಮ ಹತ್ತಿರ ಕಾಸು ಕೇಳಲಿಲ್ಲ.

ಪೇಟೆಯವರೂ ಪಡೆದಿದ್ದಾರೆ. ವಿಜಯನಗರ, ರಾಜಾಜಿನಗರದ ಮೇಲೆ ಓಡುವ ಮೆಟ್ರೋದ ಮೊದಲ ಹಂತಕ್ಕೆ ಜಪಾನ್ ಸರ್ಕಾರದ ಜೈಕಾ ಸಂಸ್ಥೆಯ ಸಾಲವಿದೆ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ 5ನೇ ಹಂತಕ್ಕೂ ಅವರದೇ ಸಾಲ. ತೀರಿಸಬೇಕಾದ ಸಾಲವೇ ಸರಿ, ಆದರೆ ಕಷ್ಟಕ್ಕೆ ಆಗಿದ್ದು ನಿಜ.

ಕಹಿಯೂ ಉಂಟು. 1965-66ರ ಬರದಲ್ಲಿ ಅಮೆರಿಕದ ಪಿ.ಎಲ್. 480 ಗೋಧಿಗೆ ಕೈಯೊಡ್ಡಿದೆವು. ವಿಯೆಟ್ನಾಂ ಯುದ್ಧದ ಬಗ್ಗೆ ನಮ್ಮ ಸರ್ಕಾರ ಆಡಿದ ಮಾತು ಅವರಿಗೆ ಹಿಡಿಸಲಿಲ್ಲ. ಅಧ್ಯಕ್ಷ ಜಾನ್ಸನ್ ಗೋಧಿಯನ್ನು ತಡೆದು ತಡೆದು, ಕಂತಿನಲ್ಲಿ ಬಿಟ್ಟರು. ನಮ್ಮ ಹೊಲ ಹಾಳು ಮಾಡಿದ ಕಾಂಗ್ರೆಸ್ ಗಿಡದ ಬೀಜವೂ ಅದೇ ಗೋಧಿ ಜೊತೆ ಬಂತೆಂದು ಹೇಳುವವರಿದ್ದಾರೆ. ಕೊಡುವಾಗ ನಾವು ಹಾಗೆ ಕೊಡಬಾರದು.

ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ದೊಡ್ಡಸ್ತಿಕೆ ಇಲ್ಲ, ಆದರೆ ಲೆಕ್ಕ ಇದೆ. ದೇಶಗಳ ನೆರವೂ ಹಾಗೇ ಇರಲಿ. ಅದಕ್ಕೆ ಮೂರು ಕೆಲಸ ಆಗಬೇಕು.

ಒಂದು, ಯಾವ ದೇಶಕ್ಕೆ ಎಷ್ಟು, ಯಾತಕ್ಕೆ, ಸಾಲವೋ ದಾನವೋ ಎಂದು ವರ್ಷಕ್ಕೊಮ್ಮೆ ಕನ್ನಡದಲ್ಲಿ ತಿಳಿಸಲಿ. 2022ರ ಜುಲೈನಲ್ಲಿ ಶ್ರೀಲಂಕಾಕ್ಕೆ 44,000 ಟನ್ ಯೂರಿಯಾ ಹೋದಾಗ 'ಪುಕ್ಕಟೆ ಕೊಟ್ಟರು' ಅಂದುಕೊಂಡವರೇ ಹೆಚ್ಚು. ಅದು ಸಾಲದ ಬಾಬ್ತು.

ಎರಡು, ಹಸಿದ ದೇಶಕ್ಕೆ ಧಾನ್ಯ ಕೊಡುವುದಾದರೆ ರಾಗಿ, ಜೋಳವನ್ನೂ ಬೆಂಬಲ ಬೆಲೆಗೆ ನಮ್ಮಿಂದ ಕೊಂಡು ಕಳಿಸಲಿ. ನಮಗೂ ಬೆಲೆ, ಅವರಿಗೂ ಊಟ.

ಮೂರು, ಬರ ಕಳೆದ ಮೇಲೆ ಧಾನ್ಯ ನಿಲ್ಲಿಸಿ ಬೀಜ, ವಿದ್ಯೆ ಕೊಡಲಿ. ಪುಕ್ಕಟೆ ಕಾಳು ಸುರಿದರೆ ಅಲ್ಲಿಯ ರೈತನ ಬೆಲೆ ಬೀಳುತ್ತದೆ. ಭಾರತದ ಸಲಹೆಯಂತೆ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಮಾಡಿತು. ಅದು ಮೇಳ, ಭಾಷಣಕ್ಕೆ ಮುಗಿಯಬಾರದು. ಆಫ್ರಿಕಾದ ಒಣಬೇಸಾಯದ ರೈತರು ನಮ್ಮ ಹೊಲಕ್ಕೆ ಬರಲಿ, ನಮ್ಮವರು ಅಲ್ಲಿಗೆ ಹೋಗಲಿ. ರಾಗಿಯ ಮುಯ್ಯಿ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಓದುಗರು ಏನಂತೀರಿ, ಬರೆಯಿರಿ.