ಸಾಲ ತೀರಿಸಿದವನು ನಿಂತ ಜಾಗ

ನಿಮ್ಮ ಮಗು ಶಾಲೆಯಲ್ಲಿ 24ರ ಬದಲು 42 ಬರೆದುಕೊಂಡು ಬಂದಿದೆಯೇ? ಜರ್ಮನಿಯಲ್ಲಿರುವ ನಮಗೆಲ್ಲ ಇದು ಗೊತ್ತಿರುವ ಕಥೆ. ಜರ್ಮನ್ ಭಾಷೆಯಲ್ಲಿ 24 ಅನ್ನು ‘ನಾಲ್ಕು ಮತ್ತು ಇಪ್ಪತ್ತು’ ಎನ್ನುತ್ತಾರೆ. ಬಿಡಿ ಮೊದಲು, ಹತ್ತು ಆಮೇಲೆ. ನನ್ನ ಮಗಳು ಹೀಗೆ ಬರೆದಾಗ, ಮನೆಯಲ್ಲಿ ಕನ್ನಡ ಆಡುವುದರಿಂದಲೇ ಈ ಗೊಂದಲ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಜರ್ಮನ್ ಮಾತ್ರ ಬಲ್ಲ ಮಕ್ಕಳೂ ಇದೇ ತಪ್ಪು ಮಾಡುತ್ತಾರೆ. ನಮ್ಮ ‘ಇಪ್ಪತ್ತನಾಲ್ಕು’ ಇರುವುದು ಬರೆಯುವ ಕ್ರಮದಲ್ಲೇ. ಆದ್ದರಿಂದ ಕನ್ನಡ ಬಿಡಬೇಡಿ, ಅದನ್ನೇ ಆಸರೆ ಮಾಡಿಕೊಳ್ಳಿ.

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಸಂಖ್ಯಾರೇಖೆ ಮಾಡಿದೆವು. ಸೊನ್ನೆಯ ಮುಂದೆ 24 ಗೆರೆ, ಹಿಂದೆ 12. ಮಕ್ಕಳು ಕನ್ನಡದಲ್ಲಿ ಎಣಿಸುತ್ತಾ ನಡೆಯಬೇಕು, ಹತ್ತಕ್ಕೊಮ್ಮೆ ಚಪ್ಪಾಳೆ. ಎರಡು ಚಪ್ಪಾಳೆ, ಮೇಲೆ ನಾಲ್ಕು ಹೆಜ್ಜೆ ಎಂದರೆ ಇಪ್ಪತ್ತನಾಲ್ಕು. ನಡೆದವರು ಅದನ್ನು ತಿರುಗಿಸಿ ಬರೆಯುವುದು ಕಡಿಮೆಯಾಯಿತು.

ಇದು ಬರೀ ಆಟವಲ್ಲ. ಟ್ಯೂಬಿಂಗನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ಶಿಶುವಿಹಾರದ ಮಕ್ಕಳು ಡ್ಯಾನ್ಸ್ ಮ್ಯಾಟ್ ಮೇಲೆ ಎಡಕ್ಕೋ ಬಲಕ್ಕೋ ಹೆಜ್ಜೆಯಿಟ್ಟು ಸಂಖ್ಯೆಗಳನ್ನು ಹೋಲಿಸಿದರು. ಕೂತು ಕಲಿತದ್ದಕ್ಕಿಂತ ಹೀಗೆ ಕಲಿತಾಗ, ಸಂಖ್ಯಾರೇಖೆಯಲ್ಲಿ ಅಂಕಿಯ ಜಾಗವನ್ನು ಅವರು ಹೆಚ್ಚು ಸರಿಯಾಗಿ ಊಹಿಸಿದರು.

ದೊಡ್ಡ ಮಕ್ಕಳಿಗೆ ಅದೇ ರೇಖೆಯ ಮೇಲೆ ದುಡ್ಡಿನ ಪಾಠ. ಒಂದು ಹೆಜ್ಜೆಗೆ ಒಂದು ಯೂರೋ. ವಾರದ ಕೈಖರ್ಚು 3, ಆಟಿಕೆಯ ಬೆಲೆ 12. ಒಬ್ಬಳು ಕೂಡಿಡುತ್ತಾಳೆ. ನಾಲ್ಕು ವಾರಕ್ಕೆ 12 ತಲುಪಿ, ಆಟಿಕೆ ಕೊಂಡು ಸೊನ್ನೆಗೆ ಮರಳುತ್ತಾಳೆ. ಇನ್ನೊಬ್ಬನಿಗೆ ಈಗಲೇ ಬೇಕು. ಸಾಲ ಮಾಡಿ ಆಟಿಕೆ ಹಿಡಿದು ಸೊನ್ನೆಗಿಂತ 12 ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಪ್ರತಿ ವಾರ 3 ಹೆಜ್ಜೆ ಮುಂದೆ, ಬಡ್ಡಿಗೆ 1 ಹೆಜ್ಜೆ ಹಿಂದೆ. ಸೊನ್ನೆ ಮುಟ್ಟಲು ಆರು ವಾರ ಬೇಕು. ಅಷ್ಟರಲ್ಲಿ ಕೂಡಿಟ್ಟವಳು ಮತ್ತೆ 6ರ ಮೇಲೆ ನಿಂತಿರುತ್ತಾಳೆ.

“ಆಂಟಿ, ಇಷ್ಟು ನಡೆದ್ರೂ ನಾನು ಸೊನ್ನೇಲೇ ಇದೀನಲ್ಲ!” ಎಂದ ಒಬ್ಬ ಹುಡುಗ. ಹನ್ನೆರಡರ ಆಟಿಕೆಗೆ ಹದಿನೆಂಟು ಕೊಟ್ಟದ್ದನ್ನು ಅವನೇ ಲೆಕ್ಕ ಹಾಕಿದ. ಕ್ರೆಡಿಟ್ ಕಾರ್ಡಿನ ಬಗ್ಗೆ ನಾನು ಭಾಷಣ ಮಾಡಬೇಕಾಗಲಿಲ್ಲ.

ಚಕ್ರಬಡ್ಡಿಯನ್ನೂ ಹೀಗೇ ನಡೆಸಬಹುದು. ಇಬ್ಬರೂ 4ರಲ್ಲಿ ನಿಲ್ಲಲಿ. ಒಬ್ಬರಿಗೆ ಪ್ರತಿ ಸುತ್ತಿಗೆ 2 ಹೆಜ್ಜೆ: 6, 8. ಇನ್ನೊಬ್ಬರಿಗೆ ಆಗ ಇರುವುದರ ಅರ್ಧ: 6, 9. ಎರಡನೇ ಸುತ್ತಿನಲ್ಲಿ ಬಂದ ಆ ಒಂದು ಹೆಜ್ಜೆಯೇ ಬಡ್ಡಿಯ ಮೇಲಿನ ಬಡ್ಡಿ.

ಒಂದು ಎಚ್ಚರ: ಸಾಲಗಾರನ ಪಾತ್ರ ಎಲ್ಲರಿಗೂ ಸರದಿಯಲ್ಲಿ ಬರಲಿ, ಯಾರನ್ನೂ ನಗೆಪಾಟಲು ಮಾಡಬೇಡಿ. ನಮ್ಮ ಮನೆಗಳಲ್ಲೂ ಗೃಹಸಾಲವಿದೆ. ಅದನ್ನು ಮಕ್ಕಳಿಗೆ ಹೇಳಲು ಇದೇ ಒಳ್ಳೆಯ ಸಮಯ.

ಈ ಶನಿವಾರ ಒಂದು ಸುರುಳಿ ಟೇಪ್ ತನ್ನಿ. ಸಾಲ, ಬಡ್ಡಿ, ಉಳಿತಾಯ, ಈ ಮೂರು ಪದಗಳನ್ನು ಮಕ್ಕಳು ಕನ್ನಡದಲ್ಲೇ ಹೇಳಲಿ. ಮೊದಲು ಹಿಂದಕ್ಕೆ ಹೋಗಿ ನಿಲ್ಲುವವರು ನೀವೇ ಆಗಿ.