ರಾತ್ರಿ ಕೂಗುವ ಬೆಕ್ಕನ್ನು ಎಲ್ಲಿಗೆ ಬಿಡುವುದು?

ಸುಬಹಿ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಪಕ್ಕದ ಮನೆಯ ಕಾಕ ನಮ್ಮನ್ನು ತಡೆದು ನಿಲ್ಲಿಸಿದರು. "ಉಸ್ತಾದರೇ, ಬೇಜಾರು ಮಾಡ್ಬೇಡಿ. ನಿಮ್ಮ ಬೆಕ್ಕಿಗೆ ಎಂತ ಆಗಿದೆ? ನಾನು ಸರಿಯಾಗಿ ಮಲಗದೆ ಮೂರು ದಿವಸ ಆಯ್ತು" ಅಂದರು. ಅವರಿಗೆ ಎಪ್ಪತ್ತು ದಾಟಿದೆ, ಶುಗರ್ ಉಂಟು, ರಾತ್ರಿ ಒಮ್ಮೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಮೂರು ರಾತ್ರಿ ನಾವೂ ನಿದ್ದೆ ಮಾಡಿರಲಿಲ್ಲ.

ಬೆಕ್ಕು ನಮ್ಮ ಮನೆಗೆ ಬಂದದ್ದು ಆಟಿಯ ಮಳೆಯಲ್ಲಿ. ಚರಂಡಿಯ ಬದಿಯಲ್ಲಿ ನೆನೆದು ಮುದ್ದೆಯಾಗಿ ಕೂತಿದ್ದ ಅದನ್ನು ಮದ್ರಸದ ಮಕ್ಕಳು ಕೊಡೆಯ ಅಡಿಯಲ್ಲಿ ಹಿಡಿದುಕೊಂಡು ತಂದರು. ಮರಿಯಲ್ಲ, ಸುಮಾರು ಒಂದು ವರ್ಷದ ಹೆಣ್ಣು ಬೆಕ್ಕು. ಜನರನ್ನು ಕಂಡರೆ ಓಡುವುದಿಲ್ಲ, ಕಾಲಿಗೆ ಬಂದು ಮೈ ಉಜ್ಜುತ್ತದೆ. ಯಾರೋ ಸಾಕಿ ಬಿಟ್ಟದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದರ ಹಿಂದಿನ ವಾರವೇ ನಾವು ತರಗತಿಯಲ್ಲಿ ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಹೆಂಗಸಿನ ಹದೀಸ್ ಹೇಳಿದ್ದೆವು. ಬುಖಾರಿಯಲ್ಲಿಯೂ ಮುಸ್ಲಿಮಿನಲ್ಲಿಯೂ ಇರುವ ಹದೀಸ್ ಅದು. "ಉಸ್ತಾದ್, ಈಗ ಎಂತ ಮಾಡುವುದು?" ಅಂತ ಮಕ್ಕಳು ಕೇಳಿದರೆ 'ಹೊರಗೆ ಬಿಡಿ' ಎನ್ನಲು ನಮ್ಮ ನಾಲಗೆ ಏಳಲಿಲ್ಲ.

ಮೊದಲ ದಿನ ಎಲ್ಲರಿಗೂ ಸಂಭ್ರಮ. ನೆಂಟರ ಹುಡುಗರು ಫೋಟೋ ತೆಗೆದು ಸ್ಟೇಟಸ್ ಹಾಕಿದರು, ತುಂಬಾ ಜನ ಮಾಷಾ ಅಲ್ಲಾಹ್ ಅಂದರು. ರಾತ್ರಿ ಎರಡು ಗಂಟೆಗೆ ಅದು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಅಡಿಗೆಮನೆಗೆ ತಿರುಗುತ್ತಾ ಎಳೆಮಗು ಅತ್ತಂತೆ ಕೂಗುವಾಗ ಅವರು ಯಾರೂ ಇರಲಿಲ್ಲ.

ಸಲಹೆಗಳಿಗೆ ಮಾತ್ರ ಬರವಿಲ್ಲ. ರಾತ್ರಿ ಬೆಕ್ಕು ಅತ್ತರೆ ಆ ಮನೆಯಲ್ಲಿ ಮರಣದ ಸುದ್ದಿ ಬರ್ತದೆ ಅಂತ ಒಬ್ಬರು ಹೆದರಿಸಿದರು. ಶಕುನ ನೋಡುವುದನ್ನು ಪ್ರವಾದಿ (ಸ) ತಳ್ಳಿಹಾಕಿದ್ದಾರೆ ಎಂದು ವರ್ಷವರ್ಷವೂ ಕಲಿಸುವ ನಮಗೇ ಈ ಮಾತು ಹೇಳಬೇಕಾ! ಇನ್ನೊಬ್ಬರು, "ಗೋಣಿಯಲ್ಲಿ ಹಾಕಿ ದಕ್ಕೆಗೆ ಬಿಟ್ಟು ಬನ್ನಿ, ಅಲ್ಲಿ ಮೀನು ತಿಂದು ಬದುಕ್ತದೆ" ಅಂದರು. ರಿಕ್ಷಾದ ಬಾಡಿಗೆಯನ್ನೂ ತಾವೇ ಕೊಡುವುದಾಗಿ ಹೇಳಿದರು. ಸುಳ್ಳು ಹೇಳಬಾರದು, ನಾಲ್ಕನೆಯ ರಾತ್ರಿ ನಾವೂ ಎದ್ದು ಹೋಗಿ ಗೋಣಿ ಎಲ್ಲಿದೆ ಅಂತ ನೋಡಿದ್ದೇವೆ.

ಈ ಗೋಣಿಯ ವಿಷಯ ಸ್ವಲ್ಪ ಮಾತಾಡಬೇಕು. ನಮ್ಮ ಊರುಗಳಲ್ಲಿ ಇದು ಎಷ್ಟು ಮಾಮೂಲಾಗಿದೆ ಎಂದರೆ ಯಾರಿಗೂ ಇದು ತಪ್ಪು ಅಂತ ಅನಿಸುವುದೇ ಇಲ್ಲ. ಹೊಡೆಯಲಿಲ್ಲ, ಕೊಲ್ಲಲಿಲ್ಲ, ಮೀನು ಸಿಗುವ ಕಡೆ ಬಿಟ್ಟೆವು ಎಂಬ ಸಮಾಧಾನ. ಆ ಹದೀಸಿನ ಹೆಂಗಸು ಕೂಡ ಬೆಕ್ಕಿಗೆ ಹೊಡೆದಳು ಅಂತ ಇಲ್ಲ. ತಾನೂ ಅನ್ನ ಹಾಕಲಿಲ್ಲ, ಅದು ಹೋಗಿ ಹುಳಹುಪ್ಪಟೆ ತಿನ್ನಲಿಕ್ಕೂ ಬಿಡಲಿಲ್ಲ. ಮನೆಯ ಬೆಕ್ಕನ್ನು ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ಅಲ್ಲಿ ನಾಯಿಗಳು ಉಂಟು, ಜಾಗ ಬಿಟ್ಟುಕೊಡದ ಬೇರೆ ಬೆಕ್ಕುಗಳು ಉಂಟು, ಲಾರಿಗಳು ಉಂಟು. ನಮ್ಮ ಮನೆಯದ್ದೂ ಹಾಗೆ ಯಾರದೋ ಗೋಣಿಯಿಂದ ಇಳಿದದ್ದೇ ಇರಬೇಕು. ಅವರ ಮನೆಯಲ್ಲಿಯೂ ರಾತ್ರಿ ಕೂಗಿರಬಹುದು.

ಹಾಗಂತ ಕಾಕನ ನಿದ್ದೆಗೆ ಬೆಲೆ ಇಲ್ಲವಾ? ನೆರೆಯವರ ಹಕ್ಕಿನ ಬಗ್ಗೆ ದೀನ್ ಎಷ್ಟು ಕಟ್ಟುನಿಟ್ಟಾಗಿ ಹೇಳಿದೆ ಎಂಬುದು ಎಲ್ಲರಿಗೂ ಗೊತ್ತು. ಬೆಕ್ಕಿಗೆ ದಯೆ ತೋರಿಸುತ್ತೇವೆ ಅಂತ ಪಕ್ಕದ ಮನೆಯ ರೋಗಿಯ ನಿದ್ದೆ ಕೆಡಿಸಲು ನಮಗೆ ಯಾವ ಅಧಿಕಾರವೂ ಇಲ್ಲ. ಬೆಕ್ಕನ್ನು ಒಳಗೆ ತಂದವರು ನಾವು, ಅದರ ಕೂಗಿಗೆ ದಾರಿ ಹುಡುಕಬೇಕಾದವರೂ ನಾವೇ. ಆ ದಿನ ಕಾಕನ ಮನೆಗೆ ಹೋಗಿ ಮಾಫ್ ಕೇಳಿದೆವು. ಬೆಕ್ಕಿನ ಜಾಗವನ್ನು ಅವರ ಗೋಡೆಯ ಕಡೆಯಿಂದ ಹಿಂದಿನ ಸಣ್ಣ ಕೋಣೆಗೆ ಬದಲಿಸಿದೆವು. ಮತ್ತೆ ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆವು.

ಡಾಕ್ಟರು ಬಾಯಿ, ಕಿವಿ, ಹೊಟ್ಟೆ ಎಲ್ಲ ನೋಡಿದರು. ಹುಳದ ಮದ್ದು ಕೊಟ್ಟರು, ರೇಬಿಸ್ ಇಂಜೆಕ್ಷನ್ ಹಾಕಿದರು. ಬೆಕ್ಕು ಬಿಡದೆ ಕೂಗುವಾಗ ಮೊದಲು ನೋವು ಉಂಟಾ ಅಂತ ನೋಡಬೇಕಂತೆ. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್ ಹೆಚ್ಚಾಗಿರಬಹುದು, ಕಿವಿ ಕೇಳದೆಯೂ ಇರಬಹುದು. ಗಂಡು ಬೆಕ್ಕು ಮೂತ್ರಕ್ಕೆ ಕೂತು ಮುಕ್ಕುತ್ತಾ ಕೂಗಿದರೆ ಮೂತ್ರ ಕಟ್ಟಿರಬಹುದು, ನಾಳೆ ನೋಡುವ ಅಂತ ಬಿಟ್ಟರೆ ಜೀವಕ್ಕೇ ಅಪಾಯ. ನಮ್ಮ ಬೆಕ್ಕಿಗೆ ಅಂಥದ್ದು ಏನೂ ಇರಲಿಲ್ಲ. ಆಮೇಲೆ ಡಾಕ್ಟರು ಕೇಳಿದರು, "ರಾತ್ರಿ ಅದು ಕೂಗುವಾಗ ನೀವು ಎಂತ ಮಾಡ್ತೀರಿ?" ಎದ್ದು ಒಂದು ತುಂಡು ಬೂತಾಯಿ ಹಾಕುತ್ತೇವೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ ಅಂದೆವು. ಅವರು ನಕ್ಕರು. "ಹಾಗಾದ್ರೆ ನೀವೇ ಕಲಿಸಿದ್ದು ಉಸ್ತಾದ್" ಅಂದರು.

ಇಷ್ಟು ವರ್ಷ ಮಕ್ಕಳಿಗೆ ಅಲಿಫ್ ಬಾ ಕಲಿಸಲು ನಾವು ಪಟ್ಟ ಕಷ್ಟ ನಮಗೆ ಗೊತ್ತು. ಬೆಕ್ಕಿಗೆ ಮೂರೇ ರಾತ್ರಿಯಲ್ಲಿ ಸಬಕ್ ಬಾಯಿಪಾಠ ಆಗಿತ್ತು.

ಡಾಕ್ಟರು ಹೇಳಿದ ಇನ್ನೊಂದು ಮಾತು ನಮಗೆ ಹೊಸದು. ದೊಡ್ಡ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾಂವ್ ಅನ್ನುವುದು ತೀರಾ ಕಡಿಮೆ, ಆ ಸ್ವರ ಹೆಚ್ಚಾಗಿ ಮನುಷ್ಯರಿಗಾಗಿಯೇ ತೆಗೆಯುವುದಂತೆ. ಹೊಸ ಮನೆಯ ವಾಸನೆ, ಗೋಡೆ, ಜನ ಯಾವುದೂ ಅದಕ್ಕೆ ಗುರುತಿಲ್ಲ. ಒಗ್ಗಿಕೊಳ್ಳಲು ಕೆಲವು ದಿನ, ಕೆಲವಕ್ಕೆ ಕೆಲವು ವಾರವೇ ಬೇಕು. ಇಡೀ ಮನೆ ಬಿಟ್ಟುಕೊಡದೆ ಮೊದಲು ಒಂದೇ ಕೋಣೆ ಕೊಡಿ, ಅಡಗಿ ಕೂರಲು ಒಂದು ಪೆಟ್ಟಿಗೆ, ಒಂದು ಮೂಲೆಯಲ್ಲಿ ಮರಳಿನ ಬೋಗುಣಿ ಇಡಿ ಅಂದರು. ಬೆಕ್ಕು ಚುರುಕಾಗುವುದು ಮುಸ್ಸಂಜೆ ಮತ್ತು ಮುಂಜಾವಿನಲ್ಲಿ. ಆದ್ದರಿಂದ ಮಲಗುವ ಮೊದಲು ಹಗ್ಗದ ತುಂಡು ಎಳೆದು ಚೆನ್ನಾಗಿ ಆಡಿಸಿ, ಆಮೇಲೆ ಹೊಟ್ಟೆ ತುಂಬ ಹಾಕಿ. ನಡುರಾತ್ರಿ ಕೂಗಿದರೆ ಏಳಬೇಡಿ, ಬೈಯಬೇಡಿ, ಬೈಗುಳವೂ ಅದಕ್ಕೆ ಉತ್ತರವೇ. ಹಾಲು ಹಾಕುವುದು ದೊಡ್ಡ ಉಪಕಾರ ಅಂತ ನಾವು ತಿಳಿದಿದ್ದೆವು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಕರಗುವುದಿಲ್ಲ, ಹೊಟ್ಟೆ ಕೆಡುತ್ತದೆ ಅಂತ ಆವತ್ತು ಗೊತ್ತಾಯಿತು.

ಏಳದೆ ಮಲಗಿದ ಮೊದಲ ಎರಡು ರಾತ್ರಿ ಕೂಗು ಇನ್ನೂ ಜೋರಾಯಿತು. ಮನೆಯವರು ನಮ್ಮ ಮುಖ ನೋಡಿದರು. ಇಲ್ಲಿ ಸೋತು ಎದ್ದು ಹೋದರೆ ಹೆಚ್ಚು ಕೂಗಿದರೆ ಸಿಗುತ್ತದೆ ಅಂತ ಅದು ಕಲಿಯುತ್ತಿತ್ತು. ಇಶಾ ಆದ ಮೇಲೆ ಆಟ, ಮತ್ತೆ ಊಟ ಎಂಬ ಕ್ರಮವನ್ನು ತಪ್ಪಿಸಲಿಲ್ಲ. ಒಂದು ವಾರ ಆಗುವಾಗ ಎರಡು ಗಂಟೆಯ ಕೂಗು ನಿಂತಿತು.

ಮೂರು ವಾರ ಕಳೆದು ಇನ್ನೊಂದು ಕೂಗು ಶುರುವಾಯಿತು. ಇದು ಬೇರೆ ರಾಗ, ಉದ್ದಕ್ಕೆ ಎಳೆಯುವುದು, ನೆಲದಲ್ಲಿ ಹೊರಳುವುದು. ಬೆಕ್ಕು ಬೆದೆಗೆ ಬಂದಿತ್ತು. ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ವಾರ, ಗಬ್ಬ ಆಗದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ. ಹೊರಗೆ ಬಿಟ್ಟರೆ ಎರಡು ತಿಂಗಳಲ್ಲಿ ಮರಿಗಳು, ಆ ಮರಿಗಳಿಗೆ ಮತ್ತೆ ಗೋಣಿ. ಆಪರೇಶನ್ ಮಾಡಿಸಿ ಅಂದರು ಡಾಕ್ಟರು.

ಇಲ್ಲಿ ನಮಗೆ ಗೊಂದಲವಾಯಿತು. ನಮ್ಮ ಶಾಫಿ ಮದ್ಹಬಿನಲ್ಲಿ ತಿನ್ನದ ಪ್ರಾಣಿಗಳ ಬೀಜ ಒಡೆಯುವುದರ ಬಗ್ಗೆ ಇಮಾಂ ನವವಿ (ರ) ಅವರ ಮಾತು ಬಿಗಿಯಾಗಿಯೇ ಇದೆ, ಹರಾಮ್ ಎಂದೇ ಹೇಳಿದ್ದಾರೆ. ಇಂದಿನ ಉಲಮಾಗಳಲ್ಲಿ ಹಲವರು, ನಿಜವಾದ ತೊಂದರೆ ಇದ್ದು ಪ್ರಾಣಿಗೆ ಅಪಾಯವಾಗದಂತೆ ಮಾಡುವುದಾದರೆ ಅನುಮತಿ ಉಂಟು ಎನ್ನುತ್ತಾರೆ. ನಾವು ನಮಗಿಂತ ಹಿರಿಯರಾದ ಒಬ್ಬ ಉಸ್ತಾದರಲ್ಲಿ ವಿಷಯ ಪೂರ್ತಿ ಹೇಳಿ ಕೇಳಿದೆವು. ಮರಿ ಹಾಕಿಸಿ ಬೀದಿಗೆ ಬಿಡುವ ಕೆಡುಕನ್ನೂ ತಕ್ಕಡಿಯಲ್ಲಿಡಿ ಅಂದರು ಅವರು. ನಾವು ಮಾಡಿಸುವುದೆಂದು ತೀರ್ಮಾನಿಸಿದೆವು. ಓದುಗರು ತಮ್ಮ ಖತೀಬರಲ್ಲಿ ಕೇಳಿಯೇ ಮುಂದುವರಿಯಲಿ, ನಮ್ಮ ಮನೆಯ ಕಥೆಯನ್ನು ಫತ್ವಾ ಮಾಡಬೇಡಿ.

ನಮಾಝಿನ ಬಗ್ಗೆಯೂ ಕೆಲವರು ಕೇಳಿದರು. ಅಬೂ ಖತಾದ (ರ) ಅವರಿಗೆ ವುಝುವಿಗೆ ನೀರು ಇಟ್ಟಾಗ ಬೆಕ್ಕು ಬಂತು, ಅವರು ಪಾತ್ರೆಯನ್ನೇ ಅದಕ್ಕೆ ಬಾಗಿಸಿ ಹಿಡಿದರು. ಅದು ನಜೀಸ್ ಅಲ್ಲ, ನಿಮ್ಮ ಮಧ್ಯೆ ಓಡಾಡಿಕೊಂಡಿರುವುದು ಎಂದು ಪ್ರವಾದಿ (ಸ) ಹೇಳಿದ್ದನ್ನು ತಿಳಿಸಿದರು. ಉದುರಿದ ಕೂದಲಿನ ಬಗ್ಗೆ ನಮ್ಮ ಮದ್ಹಬಿನಲ್ಲಿ ಎಚ್ಚರ ಉಂಟು, ಒಂದೆರಡಕ್ಕೆ ರಿಯಾಯಿತಿಯೂ ಉಂಟು. ಮುಸಲ್ಲಾ ಕೊಡವಿ ಹಾಸಿದರೆ ಮುಗಿಯಿತು.

ನಮ್ಮ ಜಮಾಅತಿನ ಯುವಕರಲ್ಲಿ ಒಂದು ಮಾತು. ರಕ್ತದಾನ ಶಿಬಿರವನ್ನು ನೀವು ಎಷ್ಟು ಚೆಂದ ಮಾಡ್ತೀರಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಯವರನ್ನು ಕರೆಸಿ ಊರಿನ ಬೆಕ್ಕುಗಳಿಗೆ ಒಂದು ದಿನ ಲಸಿಕೆ ಹಾಕಿಸಲು ಆಗದಾ? ಆಪರೇಶನಿಗೆ ಹಣವಿಲ್ಲದ ಮನೆಗೆ ಐನೂರು ರೂಪಾಯಿ ಸೇರಿಸಿ ಕೊಟ್ಟರೂ ಗೋಣಿ ಹುಡುಕುವವರು ಕಡಿಮೆಯಾಗುತ್ತಾರೆ.

ನಮ್ಮ ಬೆಕ್ಕಿನ ಆಪರೇಶನಿಗೆ ಬರುವ ವಾರ ದಿನ ಕೊಟ್ಟಿದ್ದಾರೆ. ಸುಬಹಿ ಬಾಂಗಿಗೆ ಅರ್ಧ ಗಂಟೆ ಮೊದಲು ಅದು ಈಗಲೂ ಒಮ್ಮೆ ಕೂಗುತ್ತದೆ. ಕಾಕನಲ್ಲಿ ಮತ್ತೊಮ್ಮೆ ಸಬರ್ ಕೇಳಲು ಹೋದೆವು. "ಆ ಹೊತ್ತಿಗೆ ನಾನು ಹೇಗೂ ಏಳ್ಬೇಕು, ಅಡ್ಡಿಯಿಲ್ಲ. ಎರಡು ಗಂಟೆಗೆ ಮಾತ್ರ ಬೇಡ ಅಂತ ಹೇಳಿ ಅದಕ್ಕೆ" ಅಂದರು.